ನೆಟ್ಸ್‌ನಲ್ಲಿ ಸ್ಪೀಡ್ ಗನ್: ಒಬ್ಬನೇ ಬೌಲರ್‌ಗೆ ಒಮ್ಮೆ 112, ಒಮ್ಮೆ 88 ಯಾಕೆ?

ಮ್ಯಾಟಿಂಗ್ ವಿಕೆಟ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 16ರಿಂದ 19 ವಯಸ್ಸಿನ ವೇಗದ ಬೌಲರ್‌ಗಳಿಗೆ ಕೈಯಲ್ಲಿ ಹಿಡಿಯುವ ರೇಡಾರ್ ಗನ್ ಬಳಸುತ್ತಿದ್ದೇವೆ. 24 ಗಿಗಾಹರ್ಟ್ಜ್‌ನದು. ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತಿನಲ್ಲಿ ಸಿಕ್ಕ ಗರಿಷ್ಠ ವೇಗವನ್ನು ತೋರಿಸುತ್ತದೆ. ಪಕ್ಕಪಕ್ಕ ಮೂರು ನೆಟ್ ಇವೆ, ಮ್ಯಾಟಿಂಗ್ ವಿಕೆಟ್. ಬ್ಯಾಟ್ಸ್‌ಮನ್ ಹಿಂದಿನ ಬಲೆಯ ಆಚೆ, ಸ್ವಲ್ಪ ಆಫ್ ಸೈಡ್‌ಗೆ ನಿಂತು ಹಿಡಿಯುತ್ತೇವೆ.

ಒಬ್ಬ ಹುಡುಗನ ಒಂದು ಓವರ್ (ಗಂಟೆಗೆ ಕಿ.ಮೀ. ಲೆಕ್ಕದಲ್ಲಿ) ಹೀಗೆ ಬಂತು: 112, 88, 113, 27, 91, 131. ಆರೂ ಬಾಲ್ ಹೆಚ್ಚುಕಡಿಮೆ ಒಂದೇ ಜೋರಿನವು. ಗನ್ ಕೆಟ್ಟಿದೆಯೇ, ಹಿಡಿಯುವ ಕ್ರಮ ತಪ್ಪೇ? ಬೌಲರ್ ಹಿಂದೆ ನಿಂತರೆ ಸರಿಹೋಗುತ್ತದೆಯೇ?

ಡಾಪ್ಲರ್

ಗನ್ ಚೆನ್ನಾಗಿಯೇ ಇದೆ ಸರ್. ಆ ಆರು ಅಂಕಿಗಳಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳ ವೇಗ ಸೇರಿಕೊಂಡಿದೆ, ಅಷ್ಟೇ.

112, 113: ಕೈಯಿಂದ ಬಿಟ್ಟಾಗಿನ ವೇಗ. ನಿಮಗೆ ಬೇಕಾದದ್ದು ಇದು.
88, 91: ಪಿಚ್ ಬಿದ್ದ ಮೇಲಿನ ವೇಗ. ಟ್ರಿಗರ್ ತಡವಾಗಿದೆ. ಗಾಳಿಯ ತಡೆಗೇ ಬಾಲ್ ಪಿಚ್ ಬೀಳುವಷ್ಟರಲ್ಲಿ ಶೇಕಡ 8–10 ವೇಗ ಕಳೆದುಕೊಳ್ಳುತ್ತದೆ, ನೆಲ ಮುಟ್ಟಿದಾಗ ಇನ್ನಷ್ಟು.
27: ಓಡಿ ಬರುತ್ತಿದ್ದ ಬೌಲರ್. ಬಾಲ್ ಸಿಗಲೇ ಇಲ್ಲ.
131: ಬಹುಶಃ ಬ್ಯಾಟ್‌ನಿಂದ ಹೊರಟ ಡ್ರೈವ್. ದಿಕ್ಕು ಗುರುತಿಸದ ಗನ್‌ಗೆ ಬರುವುದೂ ಒಂದೇ, ಹೋಗುವುದೂ ಒಂದೇ. ಯಾವುದು ಹೆಚ್ಚೋ ಅದನ್ನು ಇಟ್ಟುಕೊಳ್ಳುತ್ತದೆ.

ಕಳಿಸಿದ ತರಂಗಕ್ಕೂ ವಾಪಸ್ ಬಂದ ತರಂಗಕ್ಕೂ ಇರುವ ಆವರ್ತನದ ವ್ಯತ್ಯಾಸ ಮಾತ್ರ ಗನ್‌ಗೆ ಗೊತ್ತಾಗುವುದು. 24.125 ಗಿಗಾಹರ್ಟ್ಜ್‌ನಲ್ಲಿ ಗಂಟೆಗೆ 1 ಕಿ.ಮೀ.ಗೆ ಸುಮಾರು 44.7 ಹರ್ಟ್ಜ್, ಅಂದರೆ 112ಕ್ಕೆ 5000 ಹರ್ಟ್ಜ್. ಆ ತರಂಗ ಬಾಲ್‌ನಿಂದ ಬಂತೋ ಬೌಲರ್ ಎದೆಯಿಂದ ಬಂತೋ ಅದಕ್ಕೆ ತಿಳಿಯದು. ಚಿಕ್ಕ ವಸ್ತುವಿನ ಪ್ರತಿಫಲನ ದುರ್ಬಲ. ಬುಶ್‌ನೆಲ್ ವೆಲಾಸಿಟಿ ಗನ್‌ಗೆ ಕಂಪನಿ ಹೇಳುವ ಮಿತಿಯೇ ಕಾರಿಗೆ 1500 ಅಡಿ, ಚೆಂಡಿಗೆ ಬರೀ 90 ಅಡಿ (27 ಮೀಟರ್). ಬಾಲ್ ಬಿಡುವ ಜಾಗದಿಂದ ಬ್ಯಾಟ್ಸ್‌ಮನ್ ಕಡೆಯ ಸ್ಟಂಪ್‌ಗೆ ಸುಮಾರು 19 ಮೀಟರ್. ನೀವು ಸ್ಟಂಪ್‌ನಿಂದ 8 ಮೀಟರ್ ಹಿಂದೆ ಸರಿದರೆ ಮಿತಿ ಮುಗಿಯಿತು. ಬ್ಯಾಟರಿ ಇಳಿದಾಗಲೂ ಹೀಗೇ: ದೂರದ ಬಾಲ್ ತಪ್ಪುತ್ತದೆ, ಬೌಲರ್ ಮಾತ್ರ ಸಿಗುತ್ತಾನೆ, 27ರಂಥ ಅಂಕಿ ಹೆಚ್ಚುತ್ತದೆ.

ಮಾಡಬೇಕಾದದ್ದು: ಗನ್ ಟ್ರೈಪಾಡ್ ಮೇಲಿರಲಿ, ಮಿಡಲ್ ಸ್ಟಂಪ್‌ನ ನೇರಕ್ಕೆ, ಸ್ಟಂಪ್‌ನಿಂದ 3 ಮೀಟರ್ ಹಿಂದೆ. ಬಾಲ್ ಬಡಿದರೆ ಬಲೆ ಹಿಂದಕ್ಕೆ ಉಬ್ಬುತ್ತದೆ, ಆದ್ದರಿಂದ ಬಲೆಯಿಂದ ಕನಿಷ್ಠ 1 ಮೀಟರ್ ಅಂತರ ಬಿಡಿ. ಗುರಿ ಬಾಲ್ ಬಿಡುವ ಕೈಯ ಕಡೆಗೆ. ಬೌಲರ್ ಕೊನೆಯ ಜಿಗಿತಕ್ಕೆ ನೆಲ ಬಿಟ್ಟಾಗ ಟ್ರಿಗರ್ ಒತ್ತಿ, ಬಾಲ್ ಪಿಚ್ ಬೀಳುತ್ತಿದ್ದಂತೆ ಬಿಡಿ. ವೇಗ ಅಳೆಯುವ ದಿನ ಬ್ಯಾಟ್ಸ್‌ಮನ್ ಬೇಡವೇ ಬೇಡ. ಅವನು ಬಾಲ್‌ಗೂ ಗನ್‌ಗೂ ನಡುವೆ ನಿಲ್ಲುತ್ತಾನೆ, ಮೇಲೆ ಬ್ಯಾಟ್ ಬೀಸುತ್ತಾನೆ.

ಕಿರಣ ಹರಡುವುದನ್ನೂ ನೋಡಿಕೊಳ್ಳಿ. ಅದರ ಅಗಲ 10 ಡಿಗ್ರಿ ಇದ್ದರೂ 20 ಮೀಟರ್ ದೂರದಲ್ಲಿ 3.5 ಮೀಟರ್ ಆಗುತ್ತದೆ, ಪಕ್ಕದ ನೆಟ್‌ನ ಬೌಲರ್ ಒಳಗೆ ಬಂದಂತೆಯೇ. ಅಳೆಯುವಾಗ ಪಕ್ಕದ ನೆಟ್ ನಿಲ್ಲಿಸಿ.

ಲಾಂಗ್ ಆನ್

ಬೌಲರ್ ಹಿಂದೆ ನಿಲ್ಲುವ ಪ್ರಶ್ನೆಗೆ: ಮ್ಯಾಚ್ ನಡೆಯುವಾಗ ಅದೇ ಅನುಕೂಲ, ಸೈಟ್ ಸ್ಕ್ರೀನ್ ಪಕ್ಕ ಜಾಗ ಸಿಗುತ್ತದೆ. ಆದರೆ ಬಾಲ್ ಸಾಗುವ ಗೆರೆಗೂ ಗನ್‌ನ ಗುರಿಗೂ ನಡುವಿನ ಕೋನ ಕಾಡುತ್ತದೆ. ಗನ್ ತೋರಿಸುವುದು ನಿಜವಾದ ವೇಗವನ್ನು ಕೋನದ ಕೊಸೈನ್‌ನಿಂದ ಗುಣಿಸಿದ ಅಂಕಿ. 120ರ ಬಾಲ್ 10 ಡಿಗ್ರಿಯಲ್ಲಿ 118, 20 ಡಿಗ್ರಿಯಲ್ಲಿ 113, 30 ಡಿಗ್ರಿಯಲ್ಲಿ 104. ಯಾವಾಗಲೂ ಕಡಿಮೆಯೇ, ಹೆಚ್ಚು ಎಂದೂ ಅಲ್ಲ. ಬಾಲ್ ಬಿಡುವ ಜಾಗದಿಂದ 5 ಮೀಟರ್ ಹಿಂದೆ, ಒಂದೂವರೆ ಮೀಟರ್ ಪಕ್ಕಕ್ಕೆ ನಿಂತರೆ ಕೋನ ಸುಮಾರು 17 ಡಿಗ್ರಿ, 120 ಹೋಗಿ 115 ಆಗುತ್ತದೆ. ಬಾಲ್ ದೂರ ಹೋದಂತೆ ಕೋನ ಕಿರಿದಾಗುತ್ತದೆ ನಿಜ, ಅಷ್ಟರಲ್ಲಿ ವೇಗವೂ ಇಳಿದಿರುತ್ತದೆ. ಅದೇ ಬ್ಯಾಟ್ಸ್‌ಮನ್ ಕಡೆಯಿಂದ 22 ಮೀಟರ್ ದೂರದಲ್ಲಿ 1 ಮೀಟರ್ ಪಕ್ಕಕ್ಕಿದ್ದರೂ ಕೋನ 3 ಡಿಗ್ರಿಯೊಳಗೆ, ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. ಹಿಂದಿನಿಂದ ಹಿಡಿಯಲೇಬೇಕಾದರೆ 10 ಮೀಟರ್‌ಗಿಂತ ಹತ್ತಿರ ಬೇಡ. ಬೌಲರ್ ಮೈ ಬಾಲ್‌ಗೆ ಅಡ್ಡ ಬರದಂತೆ ಬೌಲಿಂಗ್ ಕೈಯ ಕಡೆಗೆ ನಿಲ್ಲಿ.

ಟಿವಿಯ ಅಂಕಿಗೆ ಹೋಲಿಸುವಾಗ ಒಂದು ನೆನಪಿರಲಿ, ಅಲ್ಲಿ ತೋರಿಸುವುದು ಬಾಲ್ ಕೈ ಬಿಟ್ಟಾಗಿನ ವೇಗ. 2003ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಶೋಯಬ್ ಅಖ್ತರ್ ಹಾಕಿದ 161.3 ಕೂಡ ಅದೇ ಲೆಕ್ಕ. 88 ನೋಡಿದ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನ ಬಾಲ್‌ಗೆ ಆ್ಯಕ್ಷನ್ ಕೆಡಿಸಿಕೊಂಡು ಜೋರು ಹಾಕಲು ಹೋಗುತ್ತಾನೆ.

240 ಫ್ರೇಮ್

ಗನ್ ಮೇಲೆ ಅನುಮಾನ ಇದ್ದರೆ ಫೋನ್‌ನಲ್ಲೇ ತಾಳೆ ನೋಡಬಹುದು. ಬಾಲ್ ಸಾಗುವ ಗೆರೆಯ ಕೆಳಗೇ, ಬೌಲಿಂಗ್ ಕ್ರೀಸ್ ದಾಟಿದ ಮೇಲೆ, 6 ಮೀಟರ್ ಅಂತರದಲ್ಲಿ ಎರಡು ಕೋನ್ ಇಡಿ. ಪಕ್ಕಕ್ಕೆ ಕನಿಷ್ಠ 15 ಮೀಟರ್ ದೂರದಲ್ಲಿ, ಎರಡು ಕೋನ್‌ಗಳ ನಡುಮಧ್ಯಕ್ಕೆ ಎದುರಾಗಿ ಫೋನ್ ನಿಲ್ಲಿಸಿ, ಸೆಕೆಂಡಿಗೆ 240 ಫ್ರೇಮ್‌ನಲ್ಲಿ ವಿಡಿಯೊ ತೆಗೆಯಿರಿ. ಸೆಕೆಂಡ್ ನೋಡಬೇಡಿ, ಸ್ಲೋ ಮೋಷನ್ ಫೈಲ್‌ನಲ್ಲಿ ಸಮಯ ಹಿಗ್ಗಿರುತ್ತದೆ, ಫ್ರೇಮ್ ಎಣಿಸಿ. 47 ಫ್ರೇಮ್ ಬಂದರೆ 110.3 ಕಿ.ಮೀ. ಒಂದು ಫ್ರೇಮ್ ಆಚೀಚೆಯಾದರೆ ಶೇಕಡ 2 ವ್ಯತ್ಯಾಸ. ಇದು 6 ಮೀಟರ್‌ನ ಸರಾಸರಿ, ಹಾಗಾಗಿ ಗನ್‌ಗಿಂತ 2 ಕಿ.ಮೀ. ಕಡಿಮೆ ಬಂದರೆ ಎರಡೂ ಸರಿ ಎಂದೇ ಅರ್ಥ.

ಇನ್ನು, ಇಂಥ ಗನ್‌ಗಳ ನಿಖರತೆ ಗಂಟೆಗೆ 1 ಮೈಲಿ ಆಚೀಚೆ, ಅಂದರೆ 1.6 ಕಿ.ಮೀ. 112, 113ರ ನಡುವೆ ಯಾರು ಮುಂದೆ ಎಂದು ತೀರ್ಮಾನಿಸಬೇಡಿ. ಮೈ ಕಾಯಿಸಿಕೊಂಡ ಮೇಲೆ ಆರು ಬಾಲ್ ಹಾಕಿಸಿ, ದಾರಿ ತಪ್ಪಿದ ರೀಡಿಂಗ್ ತೆಗೆದು, ಉಳಿದವುಗಳ ಸರಾಸರಿ ಬರೆದಿಡಿ.

ಮ್ಯಾಟಿಂಗ್ ವಿಕೆಟ್

ಎಲ್ಲರಿಗೂ ಧನ್ಯವಾದ. ಇನ್ನೊಂದು: ಹಿಂದಿನ ಬಲೆ ನೈಲಾನ್, ಅದರಾಚೆ ಕಬ್ಬಿಣದ ಜಾಲರಿ ಬೇಲಿ ಇದೆ. ಅದರ ಹೊರಗಿನಿಂದ ಹಿಡಿಯಬಹುದೇ?

ಡಾಪ್ಲರ್

ನೈಲಾನ್ ತೊಂದರೆ ಇಲ್ಲ, ತರಂಗ ದಾಟುತ್ತದೆ. ಕಬ್ಬಿಣ ಪ್ರತಿಫಲಿಸುತ್ತದೆ. 24 ಗಿಗಾಹರ್ಟ್ಜ್‌ನ ತರಂಗದ ಉದ್ದ ಸುಮಾರು 12 ಮಿ.ಮೀ., 2 ಇಂಚಿನ ಕಣ್ಣುಗಳ ಜಾಲರಿಯಲ್ಲಿ ಒಂದಷ್ಟು ದಾಟಿದರೂ ಬಾಲ್ ಸಿಗುವ ದೂರ ಕಡಿಮೆಯಾಗುತ್ತದೆ. ಆದಷ್ಟೂ ಟ್ರೈಪಾಡ್‌ನ್ನು ಬೇಲಿಯ ಒಳಗೆ, ನೈಲಾನ್ ಬಲೆಯ ಹಿಂದೆ ಇಡಿ. ಜಾಗ ಇಲ್ಲದಿದ್ದರೆ ಗನ್‌ನ ಮೂತಿಯನ್ನು ಜಾಲರಿಯ ಒಂದು ಕಣ್ಣಿಗೆ ತಾಗುವಷ್ಟು ಹತ್ತಿರ ತನ್ನಿ. ಮೊದಲ ಬಾಲ್‌ಗೆ ಮುಂಚೆ ಖಾಲಿ ಪಿಚ್‌ನತ್ತ ಗುರಿಯಿಟ್ಟು ಟ್ರಿಗರ್ ಒತ್ತಿ. ಏನೂ ಚಲಿಸದಿದ್ದರೂ ಅಂಕಿ ಬಂದರೆ ಸುತ್ತ ಎಲ್ಲೋ ಫ್ಯಾನ್ ತಿರುಗುತ್ತಿದೆ ಅಥವಾ ಬಲೆ ಗಾಳಿಗೆ ಆಡುತ್ತಿದೆ. ಫ್ಯಾನ್ ಆರಿಸಿ, ಬಲೆ ಬಿಗಿಯಾಗಿ ಕಟ್ಟಿ. ಗನ್‌ನಲ್ಲಿ ಕನಿಷ್ಠ ವೇಗ ನಿಗದಿ ಮಾಡುವ ಸೌಲಭ್ಯ ಇದ್ದರೆ ವೇಗದ ಬೌಲರ್‌ಗಳಿಗೆ 60ಕ್ಕೆ ಇಡಿ, ಬೌಲರ್ ಓಟದ ರೀಡಿಂಗ್ ಅದರಲ್ಲೇ ಬಿದ್ದುಹೋಗುತ್ತದೆ.