ಪಲ್ಟಾ ಎಂದೊಡನೆ ಆಕಳಿಸುವ ಮಕ್ಕಳಿಗೆ ಕೊಳಲಿನ ರಿಯಾಜ್ (ಅಭ್ಯಾಸ) ಹೇಗೆ?

ಪ್ರಶ್ನೆ, ಬೆಳಗಾವಿ: 8ರಿಂದ 11 ವಯಸ್ಸಿನ ಆರು ಮಕ್ಕಳು ಬಾನ್ಸುರಿ (ಬಿದಿರಿನ ಕೊಳಲು) ಕಲಿಯಾಕತ್ತಾರ. ಸರಗಮ್ ಬರತೈತಿ, ಆದರ ಪಲ್ಟಾ (ಸ್ವರಗಳನ್ನ ಬ್ಯಾರೆ ಬ್ಯಾರೆ ಕ್ರಮದಾಗ ತಿರುಗಿಸಿ ನುಡಿಸೂದು) ಹತ್ತು ನಿಮಿಷ ಆತಂದ್ರ ಮುಗೀತು. ಆಟದಂಗ ರಿಯಾಜ್ ಮಾಡಸೂದು ಹೆಂಗ? ತಿಳದವರು ಹೇಳ್ರಿ.

ಬಾಗಲಕೋಟೆ: ದಾಳದ ಆಟ ಆಡಿಸಿರಿ. 1 ಸ, 2 ರಿ, 3 ಗ, 4 ಪ, 5 ಧ. ಭೂಪ ರಾಗದ ಐದು ಸ್ವರ ಆದವು. 6 ಬಿದ್ದರೆ ಮೌನ, ಉಸಿರು ತೆಗೆದುಕೊಳ್ಳುವ ಜಾಗ. ನಾಲ್ಕು ಸಲ ದಾಳ ಹಾಕಿ, ಬಿದ್ದದ್ದನ್ನು ಹಲಗೆಯ ಮೇಲೆ ಬರೆದು, ಒಂದೊಂದಕ್ಕೆ ಎರಡು ಮಾತ್ರೆಯಂತೆ (ಮಾತ್ರೆ ಅಂದರೆ ತಾಳದ ಒಂದು ಎಣಿಕೆ) ಕೆಹರ್ವಾ ತಾಳದ ಎಂಟು ಮಾತ್ರೆಯಲ್ಲಿ ಕೂಡಿಸಬೇಕು. ನಾಲ್ಕು ಆವರ್ತ (ತಾಳದ ಸುತ್ತು) ನುಡಿಸಿದ ಮೇಲೆ ದಾಳ ಮುಂದಿನವರಿಗೆ. ಭೂಪದಲ್ಲಿ ಮಧ್ಯಮ (ಮ) ಇಲ್ಲದ ಕಾರಣ ಅರ್ಧ ತೂತು ತೆರೆಯುವ ಗೊಡವೆಯೂ ಇಲ್ಲ.

ತೊಡಕು ಬರುವುದು ಗಾಂಧಾರದಿಂದ (ಗ) ಪಂಚಮಕ್ಕೆ (ಪ) ಹೋಗುವಾಗ. ಗಾಂಧಾರಕ್ಕೆ ಮೇಲಿನ ಒಂದೇ ತೂತು ಮುಚ್ಚಿರುತ್ತದೆ, ಪಂಚಮಕ್ಕೆ ಆರೂ ಮುಚ್ಚಬೇಕು. ಕೆಳಗಿನ ಕೈಯ ಉಂಗುರ ಬೆರಳು ತಡವಾದರೆ ಕೀರಲು ದನಿ. ಮಗು ಆಗ ಜೋರಾಗಿ ಊದುತ್ತದೆ, ದನಿ ಇನ್ನೂ ಕೆಡುತ್ತದೆ. ಅಲ್ಲೇ ನಿಲ್ಲಿಸಿ, ಊದದೆ ಬೆರಳಷ್ಟೇ ಬಡಿಸಿರಿ. ಐದೂ ಬೆರಳು ಕೂಡಿ ಬಿದ್ದರೆ ಒಂದೇ 'ಟಪ್' ಕೇಳುತ್ತದೆ, ಹಿಂದೆಮುಂದೆ ಆದರೆ 'ಟಪಟಪ'. ಈ ಸದ್ದು ಹಿಡಿಯುವುದೇ ಮಕ್ಕಳಿಗೆ ದಾಳಕ್ಕಿಂತ ಖುಷಿ. ಬೆರಳ ತುದಿಯಲ್ಲ, ಮೆತ್ತನೆಯ ಭಾಗ ಕೂರಬೇಕು.

ವಿಜಯಪುರ: ಉಸಿರಿಗೂ ಏನಾದರೂ ಬೇಕಲ್ರಿ. ಎರಡು ಬೆರಳು ಅಗಲದ ತೆಳು ಕಾಗದದ ಪಟ್ಟಿ ತುಟಿಯಿಂದ ಒಂದು ಗೇಣು ದೂರ ಹಿಡಸ್ರಿ. ಊದಿದಾಗ ಪಟ್ಟಿ ಒಂದೇ ಓರೆಯೊಳಗ ಎಂಟು ಮಾತ್ರೆ ನಿಲ್ಲಬೇಕು. ಪಟಪಟ ಅಂದ್ರ ಗಾಳಿ ಏರಿಳಿತ ಆಗಾಕತ್ತೈತಿ, ಗಲ್ಲ ಉಬ್ಬಿದ್ರ ತುಟಿ ಸಡಿಲ. ಆಮ್ಯಾಲೆ ಅದೇ ಊದಿನಿಂದ ಷಡ್ಜ (ಸ) ಹಿಡಸ್ರಿ. ಎರಡು ಮೂರು ಸುತ್ತು ಸಾಕು, ತಲಿ ತಿರಗತೈತಿ ಅಂದ ಕೂಸನ್ನ ಕೂಡಿಸಿ ಸುಮ್ಮನ ಬಿಡ್ರಿ.

ಬೆಳಗಾವಿ: ತಪ್ಪಿದವರನ್ನ ಔಟ್ ಮಾಡಬೇಕೇನ್ರಿ?

ಬಾಗಲಕೋಟೆ: ಬೇಡ. ಔಟಾದ ಮಗು ಕೊಳಲು ಕೆಳಗಿಟ್ಟು ಕೂರುತ್ತದೆ. ಹೆಚ್ಚು ನುಡಿಸಬೇಕಾದದ್ದೇ ಅದು. ತಪ್ಪಿದರೆ ಆ ಸಾಲನ್ನು ಎಲ್ಲರೂ ಕೂಡಿ ಒಂದು ಸಲ ನುಡಿಸಲಿ.

ಜಮಖಂಡಿ: ಪರದೆ ಆಟವನ್ನೂ ಸೇರಿಸಿ. ಮಕ್ಕಳು ಕೇಳುವುದಕ್ಕಿಂತ ಗುರುಗಳ ಬೆರಳು ನೋಡಿಯೇ ನುಡಿಸುತ್ತಾರೆ. ಬೆನ್ನು ತಿರುಗಿಸಿ ಮೂರು ಸ್ವರ ನುಡಿಸಿ. ಮಗು ಮೊದಲು ಹಾಡಿ ತೋರಿಸಿ, ಆಮೇಲೆ ಊದಲಿ. ಮೊದಲ ವಾರ ಸ ರಿ ಗ ಅಷ್ಟೇ. ತಾನಪುರಾ (ಶ್ರುತಿ) ಆ್ಯಪ್ ಹಾಕುವಾಗ ಅದು ಕೊಳಲಿನ ಸ್ಕೇಲಿಗೇ (ಕೊಳಲಿನ ಷಡ್ಜಕ್ಕೇ) ಇರಲಿ, ಆರೂ ಮಕ್ಕಳ ಕೊಳಲು ಒಂದೇ ಸ್ಕೇಲಿನದಾಗಿರಲಿ. ಸಿ ಅಥವಾ ಡಿ ಮೀಡಿಯಂ ಸಣ್ಣ ಕೈಗೆ ಎಟಕುತ್ತದೆ. ಉದ್ದನೆಯ ಇ ಬೇಸ್ ಕೊಳಲು ಕೊಟ್ಟರೆ ಬೆರಳು ಅಗಲಿಸಲಾಗದೆ ಗಾಳಿ ಸೋರುತ್ತದೆ.

ವಿಜಯಪುರ: ಇನ್ನೊಂದು. ನಿನ್ನೆ ಚಲೋ ನುಡಿಸಿದ ಕೂಸಿನ ಕೊಳಲು ಇವತ್ತು ಬರೇ ಹಿಸ್ ಅಂದ್ರ ಬೈಯೂದಕ್ಕಿಂತ ಮೊದಲ ಬಿದಿರು ನೋಡ್ರಿ. ನಮ್ಮ ಕಡೆ ಬ್ಯಾಸಗಿಗೆ ಕೂದಲೆಳಿ ಬಿರುಕು ಬಿಡತಾವ. ದಾರ ಬಿಗಿಯಾಗಿ ಸುತ್ತಿದ್ರ ಬಿರುಕು ಮುಂದ ಹೋಗಂಗಿಲ್ಲ. ಬಿಸಲಾಗ, ಗಾಡಿ ಡಿಕ್ಕಿಯಾಗ ಇಡಬ್ಯಾಡ್ರಿ.