ವರ್ಡ್‌ನಿಂದ ಲಿಬ್ರೆಆಫೀಸ್‌ಗೆ ಬಂದ ಮೇಲೆ Ω, µ, ₹ ಎಲ್ಲಾ ಕಲಸುಮೇಲೋಗರ

ಗಂಗಾವತಿ ವೈಂಡರ್:
ನಮಸ್ಕಾರ. ಗಂಗಾವತಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ನಮ್ಮದು. ರೈಸ್ ಮಿಲ್ ಮೋಟಾರ್, ಕಾರಟಗಿ ಕಡೆಯ ಪಂಪ್‌ಸೆಟ್, ಇವೇ ಜಾಸ್ತಿ. ಕೆಲಸ ಕಲಿಯೋಕೆ ಬರುವ ಹುಡುಗರಿಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆದಿದ್ದೇನೆ, ನೂರೈವತ್ತು ಪುಟದ ಹತ್ತಿರ ಇದೆ. ಇಷ್ಟು ದಿನ ವರ್ಡ್‌ನಲ್ಲಿತ್ತು. ಹೊಸ ಕಂಪ್ಯೂಟರ್‌ಗೆ ವಿಂಡೋಸ್ ಬದಲು ಉಬುಂಟು ಹಾಕಿಸಿ, ವರ್ಡ್ ಥರದ್ದೇ ಆದ ಲಿಬ್ರೆಆಫೀಸ್ ರೈಟರ್‌ನಲ್ಲಿ ತೆರೆದೆ. ಕನ್ನಡ ಒಂದಕ್ಷರ ಕೆಟ್ಟಿಲ್ಲ. ಕೆಟ್ಟಿದ್ದು ಚಿಹ್ನೆಗಳು.

Ω (ಓಮ್) ಕೆಲವು ಕಡೆ ಸರಿ ಇದೆ, ಕೆಲವು ಕಡೆ ಖಾಲಿ ಡಬ್ಬಿ, ಇನ್ನು ಕೆಲವು ಕಡೆ ಇಂಗ್ಲಿಷಿನ ಡಬ್ಲ್ಯೂ. ಸ್ಟಾರ್ಟಿಂಗ್ ವೈಂಡಿಂಗ್ 12 ಓಮ್ ಅಂತ ಬರೆದದ್ದು ಈಗ 12 ವ್ಯಾಟ್! ಕೆಪಾಸಿಟರ್ ಪಟ್ಟಿಯಲ್ಲಿ µ ಹೋಗಿ ಸಣ್ಣ ಎಂ ಕೂತಿದೆ. 36 ಮೈಕ್ರೋಫ್ಯಾರಡ್ ಹೋಗಿ ಮಿಲಿಫ್ಯಾರಡ್, ಸಾವಿರ ಪಟ್ಟು ಜಾಸ್ತಿ. ಓದಿದ ಹುಡುಗ ಏನು ತಿಳ್ಕೋಬೇಕು? ಕೊನೆಯ ದರಪಟ್ಟಿಯಲ್ಲಿ ರೂಪಾಯಿ ಜಾಗದಲ್ಲಿ ` ಅಂತ ಒಂದು ಗೀಟು.

ಡಬ್ಲ್ಯೂ ಎಲ್ಲಾ ಒಟ್ಟಿಗೆ ಬದಲಿಸೋಣ ಅಂದ್ರೆ ನಿಜವಾದ ವ್ಯಾಟ್‌ಗಳೂ ಪುಟಪುಟದಲ್ಲಿ ಇವೆ. ಒಂದೊಂದೇ ಹುಡುಕಿ ತಿದ್ದಬೇಕಾ?

ರಾಯಚೂರು ಡಿಟಿಪಿ:
‘ರಿಪ್ಲೇಸ್ ಆಲ್’ ಮುಟ್ಟಬೇಡಿ ಸದ್ಯಕ್ಕೆ. ಮೊದಲು ಫೈಲಿನ ಒಂದು ಕಾಪಿ ಇಟ್ಟುಕೊಳ್ಳಿ.

ನೀವು Ω ಹಾಕಿದ್ದು ಒಂದೇ ದಾರಿಯಲ್ಲಿ ಅಲ್ಲ, ಅದಕ್ಕೇ ಹೀಗೆ. ಡಬ್ಲ್ಯೂ ಒತ್ತಿ ‘ಸಿಂಬಲ್’ ಫಾಂಟ್ ಕೊಟ್ಟರೆ ಕಣ್ಣಿಗೆ Ω, ಒಳಗೆ ಡಬ್ಲ್ಯೂನೇ. ಇನ್ಸರ್ಟ್ ಸಿಂಬಲ್‌ನಿಂದ ಅದೇ ಫಾಂಟಿನದ್ದು ಹಾಕಿದರೆ ಅದು ಪ್ರತಿ ಅಕ್ಷರಕ್ಕೂ ಒಂದು ಕೋಡ್ ಕೊಡುವ ಯೂನಿಕೋಡ್‌ನ ಖಾಸಗಿ ಜಾಗದಲ್ಲಿ ಕೂರುತ್ತದೆ, ಆ ಫಾಂಟ್ ಇಲ್ಲದ ಕಡೆ ಡಬ್ಬಿ. ನೆಟ್‌ನಿಂದ ಕಾಪಿ ಮಾಡಿದ್ದು ಮಾತ್ರ ಅಸಲಿ Ω. ಅನುಮಾನ ಇದ್ದರೆ ಕರ್ಸರ್ ಅಕ್ಷರದ ಮೇಲಿಟ್ಟು ಮೇಲಿನ ಫಾಂಟ್ ಹೆಸರು ನೋಡಿ. ವಾರೆ ಅಕ್ಷರದಲ್ಲಿದ್ದರೆ ಆ ಫಾಂಟ್ ನಿಮ್ಮ ಸಿಸ್ಟಂನಲ್ಲಿ ಇಲ್ಲ ಅಂತ ಅರ್ಥ.

ಈಗ ಕಂಟ್ರೋಲ್ ಹೆಚ್ ಒತ್ತಿ. ಹುಡುಕೋ ಜಾಗದಲ್ಲಿ ಡಬ್ಲ್ಯೂ ಹಾಕಿ, ಕೆಳಗಿನ ‘ಫಾರ್ಮ್ಯಾಟ್’ನಲ್ಲಿ ಫಾಂಟ್ ಸಿಂಬಲ್ ಅಂತ ಕೊಡಿ. ‘ಮ್ಯಾಚ್ ಕೇಸ್’ ಟಿಕ್ ಇರಲಿ, ಇಲ್ಲಾಂದ್ರೆ ಸಣ್ಣ ಎಂ ಹುಡುಕುವಾಗ ದೊಡ್ಡ ಎಂ ಕೂಡ ಸಿಗುತ್ತದೆ. ‘ಫೈಂಡ್ ಆಲ್’ ಒತ್ತಿದರೆ ಸಿಂಬಲ್ ಫಾಂಟಿನ ಡಬ್ಲ್ಯೂ ಮಾತ್ರ ಆಯ್ಕೆಯಾಗುತ್ತವೆ, ವ್ಯಾಟ್ ಸುಮ್ನೆ ಅದರ ಪಾಡಿಗಿರುತ್ತದೆ. ಬದಲಿಸೋ ಜಾಗದಲ್ಲಿ ಅಸಲಿ Ω ಹಾಕಿ ಬದಲಿಸಿ; µಗೂ ಹೀಗೇ, ಸಣ್ಣ ಎಂ ಹುಡುಕಿ. ಬದಲಿಸಿದ ಮೇಲೆ ಅವಕ್ಕೆ ಮಾಮೂಲಿ ಫಾಂಟ್ ಕೊಡೋದು ಮರೀಬೇಡಿ.

ಡಬ್ಬಿಗಳು ನೋಡೋಕೆ ಒಂದೇ ಥರ, ಒಳಗಿನ ಕೋಡ್ ಬೇರೆ ಬೇರೆ. ಒಂದರ ಬಲಕ್ಕೆ ಕರ್ಸರ್ ಇಟ್ಟು ಆಲ್ಟ್ ಎಕ್ಸ್ ಒತ್ತಿದರೆ ಕೋಡ್ ಕಾಣುತ್ತದೆ, ಮತ್ತೆ ಒತ್ತಿದರೆ ವಾಪಸ್. ಎಫ್057 ಅಂದರೆ Ω, ಎಫ್044 ಅಂದರೆ Δ (ಡೆಲ್ಟಾ). ಆ ಡಬ್ಬಿಯನ್ನೇ ಕಾಪಿ ಮಾಡಿ ಹುಡುಕೋ ಜಾಗದಲ್ಲಿ ಹಾಕಿ.

ಬಳ್ಳಾರಿ ಮೇಷ್ಟ್ರು:
ಆ ಗೀಟಿನ ಕಥೆ ನಂಗೊತ್ತು. 2010ರ ಜುಲೈನಲ್ಲಿ ಸರ್ಕಾರ ₹ ಒಪ್ಪಿಕೊಂಡಾಗ ಅದಕ್ಕೆ ಯೂನಿಕೋಡ್‌ನಲ್ಲಿ ಜಾಗ ಇರಲಿಲ್ಲ. ರುಪಿ ಫೋರೇಡಿಯನ್ ಅಂತ ಒಂದು ಫಾಂಟ್ ಬಂತು, ಅದರಲ್ಲಿ ` ಕೀ ಒತ್ತಿದರೆ ₹ ಮೂಡುತ್ತಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಯೂನಿಕೋಡ್ 6.0 ಬಂದು ₹ಗೆ ಸ್ವಂತ ಕೋಡ್ ಸಿಕ್ಕಿತು, ಆದರೂ ಜನ ಹಳೇ ಫಾಂಟ್ ಬಿಡಲಿಲ್ಲ. ಕನ್ನಡ ಬರಹದಲ್ಲಿ ` ಬೇರೆಲ್ಲೂ ಬರಲ್ಲ ಅಲ್ವಾ, ಅದನ್ನು ಧೈರ್ಯವಾಗಿ ಒಟ್ಟಿಗೆ ಬದಲಿಸಿ.

ಇನ್ನೊಂದು. ಸರಿಯಾಗಿ ಕಾಣುವ Ω ಕೂಡ ಎರಡು ಥರ ಇರಬಹುದು: ಓಮ್‌ಗೆ ಅಂತಲೇ ಇರುವ ಕೋಡ್ 2126, ಗ್ರೀಕ್ ಅಕ್ಷರದ 03ಎ9. ಗ್ರೀಕ್‌ನದ್ದನ್ನೇ ಬಳಸಿ ಅನ್ನೋದು ಯೂನಿಕೋಡ್‌ನವರ ಸಲಹೆ. Δ ಕೂಡ ಎರಡು ಥರ ಇದೆ, ನೀವು ಗ್ರೀಕ್ ಅಕ್ಷರದ 0394 ಇಟ್ಟುಕೊಳ್ಳಿ, 2206 ಬೇಡ.

ಗಂಗಾವತಿ ವೈಂಡರ್:
ಇಬ್ಬರಿಗೂ ಥ್ಯಾಂಕ್ಸ್. ರೂಪಾಯಿ ಒಂದೇ ಏಟಿಗೆ ಸರಿಹೋಯ್ತು, ಡಬ್ಬಿಗಳೂ ಹೋದವು. ಫಾಂಟ್ ಹಿಡಿದು ಹುಡುಕಿದಾಗ ಓಮ್ ಬಹುಪಾಲು ಸಿಕ್ಕವು. ಸಬ್‌ಮರ್ಸಿಬಲ್ ಅಧ್ಯಾಯದಲ್ಲಿ ಮಾತ್ರ ಒಂದೂ ಸಿಗುತ್ತಿಲ್ಲ, ಡಬ್ಲ್ಯೂಗಳೆಲ್ಲ ಮಾಮೂಲಿ ಫಾಂಟ್‌ನಲ್ಲೇ ಇವೆ.

ರಾಯಚೂರು ಡಿಟಿಪಿ:
ಆ ಅಧ್ಯಾಯ ಯಾವಾಗಲೋ ಫಾರ್ಮ್ಯಾಟ್ ಇಲ್ಲದೆ ಪೇಸ್ಟ್ ಆಗಿದೆ. ಫಾಂಟ್ ಗುರುತು ಅಲ್ಲೇ ಅಳಿಸಿಹೋಗಿರುತ್ತದೆ, ಯಾವ ಸಾಫ್ಟ್‌ವೇರೂ ಓಮ್ ಯಾವುದು, ವ್ಯಾಟ್ ಯಾವುದು ಅಂತ ಹೇಳಲಾರದು. ಅದೊಂದನ್ನು ‘ಫೈಂಡ್ ನೆಕ್ಸ್ಟ್’ ಒತ್ತುತ್ತಾ ನೀವೇ ನೋಡಿ. ವೈಂಡಿಂಗ್ ರೆಸಿಸ್ಟೆನ್ಸ್ ಯಾವುದು, ಮೋಟಾರ್ ಪವರ್ ಯಾವುದು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮುಗಿದ ಮೇಲೆ ಪಿಡಿಎಫ್ ಮಾಡಿ, ಪ್ರಿಂಟ್‌ಗೂ ಅದನ್ನೇ ಕೊಡಿ.