ಪದಚರ್ಚೆ: ‘ಪ್ರೈಮರಿ’ಗೆ ‘ಪ್ರಾಥಮಿಕ’ ಅಂದರೆ ಸರಿಯೇ? ಬೀಜಕ್ಕೆ ಪೆಟ್ಟಾದವರ ರಕ್ತಪರೀಕ್ಷೆಯ ಮಾತುಗಳು

ಗೆಳೆಯರೇ,

ಒಂದು ಪದಕ್ಕೆ ಸಿಕ್ಕಿ ಒದ್ದಾಡುತ್ತಿದ್ದೇನೆ. ವಿಷಯ ಸ್ವಲ್ಪ ಮುಜುಗರದ್ದು, ಆದರೂ ಕೇಳಲೇಬೇಕಾಗಿದೆ.

ನನ್ನ ಅಕ್ಕನ ಮಗ ಹೋದ ವರ್ಷ ಬೈಕಿನಿಂದ ಬಿದ್ದ. ಬೈಕು ಗುದ್ದಿದಾಗ ಸವಾರ ಮುಂದಕ್ಕೆ ಜಾರಿ, ತೊಡೆಸಂದು ಪೆಟ್ರೋಲ್ ಟ್ಯಾಂಕಿಗೆ ಬಡಿಯುತ್ತದಲ್ಲ, ಹಾಗಾಯಿತು. ಒಂದು ಬೀಜ ತೆಗೆಯಬೇಕಾಯಿತು. ಇನ್ನೊಂದು ಉಳಿಯಿತು, ಆದರೆ ಅದಕ್ಕೂ ಜೋರಾಗಿಯೇ ಪೆಟ್ಟು ಬಿದ್ದಿತ್ತು. ಈಚೆಗೆ ಸುಸ್ತು, ಯಾವುದರಲ್ಲೂ ಮನಸ್ಸಿಲ್ಲ ಅಂತ ಡಾಕ್ಟರ ಹತ್ತಿರ ಹೋದ. ರಕ್ತಪರೀಕ್ಷೆ ಬರೆದುಕೊಟ್ಟರು. ರಿಪೋರ್ಟು ವಾಟ್ಸಾಪಿನಲ್ಲಿ ನನಗೆ ಬಂತು. ಕನ್ನಡದಲ್ಲಿ ಹೇಳು ಅಂತ ಭಾವನ ಅಪ್ಪಣೆ.

ಅದರಲ್ಲಿದ್ದದ್ದು ಇಷ್ಟು. ಒಟ್ಟು ಟೆಸ್ಟೊಸ್ಟೆರಾನ್ ಡೆಸಿಲೀಟರಿಗೆ 212 ನ್ಯಾನೊಗ್ರಾಂ, ಪಕ್ಕದಲ್ಲಿ ‘ಎಲ್’, ಅಂದರೆ ಕಡಿಮೆ. ಎಲ್‌ಎಚ್ 19, ಪಕ್ಕದಲ್ಲಿ ‘ಎಚ್’, ಅಂದರೆ ಹೆಚ್ಚು. ಎಫ್‌ಎಸ್‌ಎಚ್ 31, ಅದಕ್ಕೂ ‘ಎಚ್’. ಕೊನೆಗೆ ಡಾಕ್ಟರ ಕೈಬರಹದಲ್ಲಿ ‘ಪ್ರೈಮರಿ ಹೈಪೊಗೊನಾಡಿಸಮ್’. ಹೈಪೊಗೊನಾಡಿಸಮ್ ಅಂದರೆ ಬೀಜ ಮಾಡಬೇಕಾದ ಕೆಲಸ ಕಡಿಮೆಯಾಗಿರುವುದು.

ಭಾವ ಲೆಕ್ಕ ಹಾಕಿಯೇಬಿಟ್ಟಿದ್ದರು. “ಎರಡು ಜಾಸ್ತಿ ಇದೆ, ಒಂದೇ ಕಮ್ಮಿ. ಪರವಾಗಿಲ್ಲ ಅಲ್ವೇನಯ್ಯಾ?” ನಾನು ಪ್ರೈಮರಿಯನ್ನು ‘ಪ್ರಾಥಮಿಕ’ ಅಂತ ಹೇಳಿದೆ. ಅವರು ಇನ್ನೂ ನಿರಾಳವಾದರು. “ಪ್ರಾಥಮಿಕ ಹಂತ ತಾನೆ, ಬೇಗ ಗೊತ್ತಾಯ್ತು ಬಿಡು.”

ಎರಡೂ ತಪ್ಪು. ಎರಡನೆಯ ತಪ್ಪು ನನ್ನದು.

ಎಲ್‌ಎಚ್, ಎಫ್‌ಎಸ್‌ಎಚ್ ಅನ್ನುವ ಹಾರ್ಮೋನುಗಳು ಹುಟ್ಟುವುದು ಬೀಜದಲ್ಲಲ್ಲ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ. ಅವು ಅಲ್ಲಿಂದ ಕೆಳಕ್ಕೆ ಹೋಗುವ ಕೂಗು. ಎಲ್‌ಎಚ್ ಕೂಗಿದರೆ ಬೀಜದ ಲೇಡಿಗ್ ಕೋಶಗಳು ಟೆಸ್ಟೊಸ್ಟೆರಾನ್ ಮಾಡುತ್ತವೆ. ಎಫ್‌ಎಸ್‌ಎಚ್ ವೀರ್ಯಾಣು ಬೆಳೆಯುವ ಕಡೆಯ ಕೆಲಸ ನೋಡಿಕೊಳ್ಳುತ್ತದೆ. ಕೆಳಗಿನಿಂದ ಓಗೊಡುವುದು ಕಡಿಮೆಯಾದಷ್ಟೂ ಮೇಲಿನ ಕೂಗು ಜೋರಾಗುತ್ತದೆ. ಹಾಗಾಗಿ ಆ ಎರಡು ‘ಎಚ್’ ಕೂಡುವ ಲೆಕ್ಕದಲ್ಲಿ ಬರುವುದಿಲ್ಲ. ಕರೆದೂ ಕರೆದೂ ಗಂಟಲು ಹರಿದುಕೊಂಡದ್ದರ ಗುರುತು ಅವು. ಅದೇ ಟೆಸ್ಟೊಸ್ಟೆರಾನ್ ಕಡಿಮೆಯಿದ್ದು, ಎಲ್‌ಎಚ್ ಕೂಡ ಕಡಿಮೆಯೇ ಇದ್ದರೆ, ಅಥವಾ ಏರಬೇಕಾದ ಹೊತ್ತಲ್ಲಿ ಏರದೆ ಸುಮ್ನೆ ಕೂತಿದ್ದರೆ, ತೊಂದರೆ ಮೇಲಿನದು. ಅದು ‘ಸೆಕೆಂಡರಿ’.

ಅಂದರೆ ಇಲ್ಲಿ ಪ್ರೈಮರಿ, ಸೆಕೆಂಡರಿ ಅನ್ನುವುದು ಕಾಯಿಲೆ ಎಲ್ಲಿದೆ ಅನ್ನುವುದಕ್ಕೆ. ಎಷ್ಟು ಬಲಿತಿದೆ ಅನ್ನುವುದಕ್ಕಲ್ಲ. ನಮ್ಮ ‘ಪ್ರಾಥಮಿಕ’ ಹಾಗಲ್ಲ. ಪ್ರಾಥಮಿಕ ಶಾಲೆ, ಪ್ರಾಥಮಿಕ ವರದಿ, ಪ್ರಾಥಮಿಕ ತನಿಖೆ, ಎಲ್ಲೂ ಅದು ಮೊದಲ ಮೆಟ್ಟಿಲು. ಮುಂದೆ ಇನ್ನೂ ಇದೆ, ಈಗಲೇ ಗಾಬರಿ ಬೇಡ ಅನ್ನುವ ಧ್ವನಿ ಅದರಲ್ಲಿ ಕೂತುಬಿಟ್ಟಿದೆ. ‘ದ್ವಿತೀಯಕ’ ಅಂದರಂತೂ ಕಾಯಿಲೆ ಎರಡನೇ ಹಂತಕ್ಕೆ ಹೋಯಿತು ಅಂತ ಜನ ಹೆದರುತ್ತಾರೆ. ಕ್ಯಾನ್ಸರಿನ ‘ಪ್ರೈಮರಿ ಗೆಡ್ಡೆ’ಯಲ್ಲೂ ಇದೇ ಎಡವಟ್ಟು.

ನನಗೆ ಹೊಳೆದದ್ದು ‘ಓಗೊಡದ ಕೊರತೆ’ ಮತ್ತು ‘ಕೂಗೇ ಬಾರದ ಕೊರತೆ’. ಸ್ವಲ್ಪ ನಾಟಕದ ಮಾತಿನ ಹಾಗಾಯಿತೇನೋ. ‘ಬೀಜದಲ್ಲೇ ಕೊರತೆ’, ‘ಮೇಲಿನಿಂದ ಕೊರತೆ’ ಅಂದರೆ ಸಪ್ಪೆ, ಆದರೆ ಭಾವನಿಗೆ ತಕ್ಷಣ ತಿಳಿಯಿತು.

ಇವೆರಡಲ್ಲದೆ ಇನ್ನೊಂದು ಸ್ಥಿತಿ ಇದೆ. ಟೆಸ್ಟೊಸ್ಟೆರಾನ್ ಸರಿಯಾಗಿಯೇ ಇರುತ್ತದೆ, ಎಲ್‌ಎಚ್ ಮಾತ್ರ ಏರಿರುತ್ತದೆ. ಪೆಟ್ಟು ತಿಂದ ಬೀಜ ಹೆಚ್ಚಿನ ಕೂಗಿಗೆ ಹೇಗೋ ಕೆಲಸ ಮುಗಿಸುತ್ತಿದೆ ಅಂತ ಅರ್ಥ. ಡಾಕ್ಟರುಗಳು ‘ಕಾಂಪೆನ್ಸೇಟೆಡ್’ ಅನ್ನುತ್ತಾರೆ. ‘ಪರಿಹಾರಿತ’ ಅಂತ ಮಾಡಿದರೆ ಸರ್ಕಾರ ಪರಿಹಾರಧನ ಕೊಟ್ಟ ಹಾಗೆ ಕೇಳಿಸುತ್ತದೆ. ಇದಕ್ಕೆ ಹೇಳಿಮಾಡಿಸಿದ ಮಾತು ನಮ್ಮಲ್ಲೇ ಇದೆ: ಏಗು. ‘ಏಗುತ್ತಿರುವ ಬೀಜ’. ಇದನ್ನು ಬಿಟ್ಟುಕೊಡಲು ನಾನು ತಯಾರಿಲ್ಲ. ಅಂದಹಾಗೆ, ಒಂದೇ ಬೀಜ ಉಳಿದರೂ ಅದು ಗಟ್ಟಿಯಾಗಿದ್ದರೆ ಸಾಮಾನ್ಯವಾಗಿ ಟೆಸ್ಟೊಸ್ಟೆರಾನಿಗೆ ಕೊರತೆಯಾಗುವುದಿಲ್ಲ.

ಇನ್ನು ‘ಬೀಜ’ದ ಮಾತು. ಬರಹದಲ್ಲಿ ‘ವೃಷಣ’ ಅನ್ನುತ್ತೇವೆ, ಊರಲ್ಲಿ ಯಾರೂ ಅನ್ನುವುದಿಲ್ಲ. ‘ತರಡು’ ಹಳೆಯ ಒಳ್ಳೆಯ ಪದ, ಆದರೆ ಬೈಗುಳದ ಜೊತೆ ಸೇರಿ ಕೆಟ್ಟುಹೋಗಿದೆ. ಬೀಜ ಎಲ್ಲರಿಗೂ ಗೊತ್ತು. ಗೊನಾಡ್ ಅನ್ನುವುದರ ಹಿಂದಿರುವ ಗ್ರೀಕ್ ಮಾತಿಗೂ ಬೀಜ, ಹುಟ್ಟು ಅಂತಲೇ ಅರ್ಥ. ಬೀಜ ಒಡೆಸಿದರೆ ಹೋರಿ ಎತ್ತಾಗುತ್ತದೆ ಅಂತ ನಮ್ಮ ರೈತರಿಗೆ ತಿಳಿದಿತ್ತು. ಟೆಸ್ಟೊಸ್ಟೆರಾನಿಗೆ ಹೆಸರು ಸಿಕ್ಕಿದ್ದು 1935ರಲ್ಲಿ. ಎತ್ತಿನ ರಕ್ತ ಪರೀಕ್ಷೆ ಮಾಡಿದರೂ ಎಲ್‌ಎಚ್ ಏರಿಯೇ ಇರುತ್ತದೆ, ಓಗೊಡುವವರಿಲ್ಲವಲ್ಲ!

ಈ ಹೋಲಿಕೆಯನ್ನು ಹುಡುಗನ ಮುಂದೆ ಹೇಳಲಿಲ್ಲ, ಅಷ್ಟು ಬುದ್ಧಿ ನನಗಿದೆ. ಆದರೆ ‘ಪುರುಷ ಹಾರ್ಮೋನ್ ಕೊರತೆ’ ಅಂತ ಬರೆದು ಕಳಿಸಿದ್ದೆ. ಅವನು ಅದನ್ನು ‘ಗಂಡಸುತನ ಕಡಿಮೆ’ ಅಂತ ಓದಿಕೊಂಡು ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಟೆಸ್ಟೊಸ್ಟೆರಾನ್ ಹೆಂಗಸರ ಮೈಯಲ್ಲೂ ಸ್ವಲ್ಪ ಇರುತ್ತದೆ. ಅವನ ರಿಪೋರ್ಟಿನ ‘ಎಲ್‌ಎಚ್’ಗೆ ಆ ಹೆಸರು ಬಂದದ್ದು ಹೆಂಗಸರ ಅಂಡಾಶಯದ ಹಳದಿ ಬಣ್ಣದ ಒಂದು ಭಾಗದಿಂದ. ಹೆಸರಿಗೂ ಗಂಡಸುತನಕ್ಕೂ ನಂಟಿಲ್ಲ. ಅದಕ್ಕೇ ಈಗ ಸುಮ್ನೆ ‘ಟೆಸ್ಟೊಸ್ಟೆರಾನ್’ ಅಂತಲೇ ಬರೆಯುತ್ತೇನೆ.

ಇನ್ನೊಂದು ಗೋಜಲು ‘ವೀರ್ಯ’ ಮತ್ತು ‘ವೀರ್ಯಾಣು’. ಟೆಸ್ಟೊಸ್ಟೆರಾನ್ ಮಾಡುವ ಕೋಶಗಳಿಗಿಂತ ವೀರ್ಯಾಣು ಬೆಳೆಯುವ ಜಾಗ ನಾಜೂಕು. ದೊಡ್ಡ ವಯಸ್ಸಿನಲ್ಲಿ ಮಂಗನಬಾವು ಬಂದು ಬೀಜ ಊದಿಕೊಂಡವರಲ್ಲಿ ಟೆಸ್ಟೊಸ್ಟೆರಾನ್ ಸರಿಯಿದ್ದು, ಎಫ್‌ಎಸ್‌ಎಚ್ ಮಾತ್ರ ಏರಿರುವುದುಂಟು. ಕರಾವಳಿಯವರು ಕೆಪ್ಪಟ್ರಾಯ ಅನ್ನುತ್ತಾರಲ್ಲ, ಅದೇ ಮಂಗನಬಾವು. ಅಂಥವರಿಗೆ ವೀರ್ಯ ಬರುತ್ತದೆ, ಅದರಲ್ಲಿ ವೀರ್ಯಾಣು ಕಡಿಮೆ ಇರಬಹುದು. ಈ ವ್ಯತ್ಯಾಸ ತಿಳಿಯದಿದ್ದರೆ ನಷ್ಟ ದೊಡ್ಡದು. ಟೆಸ್ಟೊಸ್ಟೆರಾನ್ ಇಂಜೆಕ್ಷನ್ ಹಾಕಿಸಿಕೊಂಡರೆ ಮೇಲಿನ ಕೂಗು ನಿಂತು, ಉಳಿದ ವೀರ್ಯಾಣುವೂ ಇಳಿಯುತ್ತದೆ. ನಮ್ಮ ಹುಡುಗನಿಗೆ ಇನ್ನೂ ಮದುವೆಯಾಗಿಲ್ಲ. ಮೊದಲು ವೀರ್ಯ ಪರೀಕ್ಷೆ, ಆಮೇಲೆ ಔಷಧಿಯ ಮಾತು ಅಂದರು ಡಾಕ್ಟರ್. ರಕ್ತಪರೀಕ್ಷೆಯನ್ನೂ ಇನ್ನೊಂದು ದಿನ ಬೆಳಿಗ್ಗೆಯೇ ಮತ್ತೆ ಮಾಡಿಸಿ ಅಂದರು. ಟೆಸ್ಟೊಸ್ಟೆರಾನ್ ಬೆಳಿಗ್ಗೆ ಹೆಚ್ಚು, ಸಂಜೆಗೆ ಇಳಿಯುತ್ತದೆ.

ಅಳತೆಯ ಗೊಂದಲವೂ ಇದೆ. ಟೆಸ್ಟೊಸ್ಟೆರಾನ್ ಎಷ್ಟಿದ್ದರೆ ಸರಿ ಅನ್ನುವುದಕ್ಕೆ ಇಲ್ಲಿಯ ಲ್ಯಾಬುಗಳು ಹೆಚ್ಚುಕಡಿಮೆ 300ರಿಂದ 1000 ಅಂತ ಹಾಕುತ್ತವೆ. ಇಂಗ್ಲೆಂಡಿನಲ್ಲಿರುವ ನಮ್ಮವರ ರಿಪೋರ್ಟಿನಲ್ಲಿ ಅದೇ 300 ಅನ್ನುವುದು 10.4 ಆಗಿರುತ್ತದೆ, ಅಲ್ಲಿಯ ಅಳತೆ ಲೀಟರಿಗೆ ಇಷ್ಟು ನ್ಯಾನೊಮೋಲ್ ಅಂತ.

ಈಗ ನನ್ನ ಪ್ರಶ್ನೆ. ಪ್ರೈಮರಿ, ಸೆಕೆಂಡರಿಗೆ ‘ಎಲ್ಲಿಯದು’ ಅನ್ನುವ ಅರ್ಥ ಬರುವ ಪದ ನಿಮ್ಮಲ್ಲಿ ಯಾರಾದರೂ ಬಳಸಿದ್ದೀರಾ? ಪಶುವೈದ್ಯರು ಯಾರಾದರೂ ಇದ್ದರೆ ಇನ್ನೂ ಒಳ್ಳೆಯದು, ರೈತರಿಗೆ ಅವರು ಏನು ಹೇಳುತ್ತಾರೋ ತಿಳಿಸಲಿ. ಉತ್ತರ ಕರ್ನಾಟಕದ ಕಡೆ ಬೀಜಕ್ಕೆ ಮನೆಯಲ್ಲಿ ಎಲ್ಲರ ಮುಂದೆ ಆಡಬಹುದಾದ ಬೇರೆ ಮಾತು ಇದೆಯೇ? ನಾನು ‘ಬೀಜ’ ಅಂದಾಗಲೆಲ್ಲ ಅಕ್ಕ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾಳೆ.